ಕೆಂದಿಗೆ ತಟ್ಟಿದ ಬಿಲ್ಲೆ

ಬಲು ಹಿಂದೆ, ಬೆಟ್ಟಗಳ್ಗೆ ಇನ್ನೂ ರೆಕ್ಕೆ ಇದ್ದ ಕಾಲ್ದಲ್ಲಿ, ಏಳುಕೋಡು ಅಂತ ಒಂದ್ ರಾಜ್ಯ ಇತ್ತು. ಇಂಥ ಕತೆ ಇನ್ಯಾವನ್ ಬಾಯಲ್ಲೂ ಬರಾಕಿಲ್ಲ, ತೆಪ್ಪಗೆ ಕೂತ್ಕಂಡ್ ಕೇಳಿ.

ಆ ರಾಜ್ಯಕ್ಕೆ ಬೂದಿಗಣ್ಣ ಅನ್ನೋ ಮಾಯಗಾರ ಬಂದು ವಕ್ಕರಿಸ್ಕಂಡ. ಅವನ ಸಾಕುಭೂತಗಳು ಮನೆಗೆ ನುಗ್ಗೋಕೆ ಹೋದ್ರೆ ನಾಯಿಗೋಳು ಮೂಸಿ ಬೊಗಳಿ ಅಟ್ಟಿಬಿಡವು. ಅದಕ್ಕೆ ಅವನು ಬೆಳ್ಳಿ ಬಣ್ಣದ ಉಂಡೆ ಮಾಡಿ ನಾಯಿಗೋಳಿಗೆ ತಿನ್ನಿಸ್ದ. ತಿಂದ ನಾಯಿ ಮನೆಯೋರನ್ನ ಮರೆತು ಅವನ ಕ್ವಾಟೆ ಸೇರೋದು. ಮಾರನೆ ದಿನ ಹೊತ್ತು ಮುಳುಗೋ ಹೊತ್ಗೆ ಕಲ್ಲಾಗೋದು. ಮನೆ ಒಲೇಲಿ, ಸಾಕ್ದೋರ ಕೈಯಲ್ಲಿ ಮಾಡಿದ ತಿಂಡಿ ತಿಂದ್ರೆ ಮಾತ್ರ ನೆಪ್ಪು ಬರೋದು. ಹಂಗೆ ನೆಪ್ಪು ಬಂದ ಒಂದು ನಾಯಿ ಬೊಗಳಿದ್ರೆ ಕಲ್ಲಾಗಿರೋವೂ ಏಳೋವು. ಅದು ಗೊತ್ತಿದ್ದೇ ಅವನು ಸಾರಿಸ್ದ: "ನಾಯಿಗೆ ಅಂತ ಒಲೆ ಹಚ್ಚಿದೋರ ಕೈ ಕಡೀತೀನಿ!" ರಾಜ ಗಪ್‌ಚಿಪ್. ಮೀಸೆ ಇತ್ತು, ಅಷ್ಟೇ.

ಕುರಿ ಕಾಯೋ ಹಲಗ ಅಂತ ಒಬ್ಬ ಹೈದ. ಅವನ ನಾಯಿ ಕೆಂದಿ. ಒಂದಿನ ಹಲಗ ಹಳ್ಳಕ್ಕೆ ಕುರಿ ಇಳಿಸಿದ್ದಾಗ ಮಾಯಗಾರನ ಆಳುಗಳು ಕೆಂದಿ ಬಾಯಿಗೆ ಉಂಡೆ ತುರುಕಿಬಿಟ್ರು. ಹಲಗ ಕೂಗ್ದ, ಶಿಳ್ಳೆ ಹಾಕ್ದ. ಕೆಂದಿ ತಿರುಗೂ ನೋಡ್ನಿಲ್ಲ, ಕ್ವಾಟೆ ಕಡೆ ಹೊಂಟೋದ್ಲು.

ಮಾರನೆ ದಿನ ಬೆಳಿಗ್ಗೆ ಹಲಗ ಬಾಗ್ಲು ಹಾರು ಹೊಡ್ದು, ಊರೆಲ್ಲ ನೋಡಂಗೆ ಒಲೆ ಹಚ್ಚಿದ. ಕುರಿ ಹೊಟ್ಟೆಯೊಳಗಿನ ಮೆತ್ತನೆ ಈಲಿ ಮಾಂಸ ಬೇಯಿಸಿ ಅರ್ದ. ಕುಂಬ್ಳಕಾಯಿ ಕಿವುಚ್ದ. ರಾಗಿ ಹಿಟ್ಟಿಗೆ ಹಾಕಿ ಗಟ್ಟಿಯಾಗಿ ಕಲಸಿ, ಬಿಲ್ಲೆ ತಟ್ಟಿ, ಕಟಕಟ ಅನ್ನೋವರ್ಗೂ ಕಾದ ಕಲ್ಲಿನ ಮೇಲೆ ಸುಟ್ಟ.

ಆಳುಗಳು ಓಡ್‌ಬಂದ್ರು. "ಯಾರಪ್ಪಣೆ ಲೇ ನಿಂಗೆ?"

"ನನ್ ಒಲೆ, ನನ್ ಹಿಟ್ಟು, ನನ್ ನಾಯಿ! ನೀನ್ಯಾವೋನ್ಲಾ ಕೇಳೋಕೆ?" ಅಂದು ಕೊಳ್ಳಿ ಎತ್ದ. ಓಡ್‌ಬಂದೋರು ಹಂಗೇ ಓಡೋದ್ರು.

ಅವನವ್ವ ಚೌಡವ್ವ ಬಿಲ್ಲೆಗಳ್ನ ಕಂಬ್ಳೀಲಿ ಕಟ್ಕೊಟ್ಲು. "ಹೋಗ್ಲಾ ಮಗ. ನಾಯಿ ಇಲ್ದೆ ಬಂದ್ರೆ ಹಟ್ಟಿ ಒಳೀಕೆ ಸೇರಿಸಾಕಿಲ್ಲ."

ಕ್ವಾಟೆ ಮೊದಲ್ನೇ ಬಾಗ್ಲಲ್ಲಿ ಕರಡಿ ಗಾತ್ರದ ನಾಯಿ, ಅದಕ್ಕೆ ಎರಡು ತಲೆ. ಹಲಗ ಕುರುಬರ ಪದ್ಧತಿಯಂಗೆ ಮೊದ್ಲು ತಾನೊಂದು ಚೂರು ಕಚ್ಚಿ, ಬಿಲ್ಲೆ ಚಾಚ್ದ.

"ನಂಗೆ ಮೊದ್ಲು!" ಅಂತು ಒಂದು ತಲೆ.

"ನೀನ್ಯಾವ ದೊಡ್ಮನುಷ್ಯ? ನಂಗೆ ಮೊದ್ಲು!" ಅಂತು ಇನ್ನೊಂದು. ಒಂದರ ಕಿವಿ ಒಂದು ಕಚ್ಚಿ ಕಿತ್ತಾಡ್ಕಂಡವು.

"ಥೂ ನಿಮ್ಮ! ಯಾವ ಬಾಯಲ್ಲಿ ತಿಂದ್ರೂ ಹೋಗೋದು ಒಂದೇ ಹೊಟ್ಟೆಗಲ್ವೇನ್ರಲಾ!" ಅಂದ ಹಲಗ.

ಎರಡು ತಲೇನೂ ಮಕಮಕ ನೋಡ್ಕಂಡವು. ಇಷ್ಟು ವರ್ಸ ಯಾರೂ ಹೇಳಿರ್ನಿಲ್ಲ. ನಾಚ್ಕಂಡು ಆ ಕಡೆ ಒಂದು ಕಡಿ, ಈ ಕಡೆ ಒಂದು ಕಡಿ ತಿಂದು, ದಾರಿ ಬಿಟ್ಟವು.

ಎರಡನೇ ಬಾಗ್ಲಿಗೆ ಸುತ್ತ ಕಂದಕ, ತುಂಬ ನೀರು. ದಡದ ಮೇಲೆ ಬೆಂಕಿ ಉಗುಳೋ ನಾಯಿ. ಹಲಗ ಕಚ್ಚಿ ನೋಡ್ದ, ಮಕ ಕಿವುಚ್ದ. ಉಪ್ಪು! ನಾಯಿ ತಿಂಡಿಗೆ ಉಪ್ಪು ಹಾಕ್ಬಾರ್ದು ಅಂತ ಅವ್ವಂಗೆ ಬಡ್ಕಂಡಿದ್ದ. ಆದ್ರೆ ಉಪ್ಪಿಲ್ದೆ ಇಕ್ಕೋದು ಸತ್ತೋರ ಎಡೆಗೆ ಅಂತ ಚೌಡವ್ವ ಕದ್ದು ಒಂದು ಬಿಲ್ಲೆಗೆ ಹಿಡಿ ಉಪ್ಪು ಮೆತ್ತಿದ್ಲು.

ಅವನು ಬಿಸಾಕೋಕೂ ಮೊದ್ಲೇ ಬೆಂಕಿನಾಯಿ ಕಿತ್ಕಂಡು ನುಂಗ್ತು. ನುಂಗಿದ್ದೇ ತಡ, ದಾಹ ಅಂದ್ರೆ ಎಂಥ ದಾಹ! ಕಂದಕಕ್ಕೆ ಬಾಯಿ ಇಕ್ಕಿ ಗಟಗಟಾಂತ ಕುಡೀತು. ಬೆಂಕಿ ಚುಂಯ್ ಅಂತು, ಕಂದಕ ಬತ್ತೋಯ್ತು. ಹಲಗ ಕೆಸರು ತುಳ್ಕಂಡು ಆಚೆ ದಾಟ್ದ.

ಮೂರನೇ ಬಾಗ್ಲಲ್ಲಿ ಕೆಂದಿ. ಹೊತ್ತು ಮುಳುಗ್ತಾ ಇತ್ತು. ಬಾಲ ಆಗ್ಲೇ ಕಲ್ಲು. ಹಿಂಗಾಲೂ ಕಲ್ಲು. ಹಲಗನ್ನ ನೋಡಿ ಹಲ್ಲು ಕಿರಿದು ಗುರ್ ಅಂದ್ಲು.

ಬೂದಿಗಣ್ಣ ಮೆಟ್ಟಿಲ ಮೇಲಿಂದ ನಕ್ಕ. "ಲೇ ಕುರಿಕಾಯೋನೇ, ಕಾಲಿಗೆ ಬೀಳು, ಬದುಕಿಸ್ತೀನಿ. ರಾಜ್ನೇ ಬಿದ್ದವ್ನೆ."

"ರಾಜ್ನಿಗೆ ಬಾಗೋ ಬೆನ್ನೈತೆ. ನನ್ ಬೆನ್ ಮೇಲೆ ಕಂಬ್ಳಿ ಐತೆ, ಬಾಗಾಕಿಲ್ಲ." ಹಲಗ ಕೆಂದಿ ಮುಂದೆ ಚಕ್ಕಂಬಕ್ಳ ಹಾಕ್ಕಂಡು ಕೂತು, ಕೊನೆ ಬಿಲ್ಲೆ ಕಚ್ಚಿ ಅಗಿದ.

"ಥೂ, ನಾಯಿ ತಿನ್ನೋದು ತಿಂತಾನೆ!"

"ನನ್ ನಾಯಿಗೆ ಇಕ್ಕೋದ್ನ ನಾನು ತಿಂತೀನಿ. ನಿನ್ ಉಂಡೆ ನೀನು ತಿನ್ನು ನೋಡಾನ!"

ಮಾಯಗಾರ ಕಂಕುಳಲ್ಲಿದ್ದ ಉಂಡೆ ಬುಟ್ಟೀನ ಬಿಗಿಯಾಗಿ ಅವಚ್ಕಂಡ.

ಹಲಗ ಕೈ ಚಾಚ್ದ. ಕೆಂದಿ ಬಿಲ್ಲೆ ಬಿಟ್ಟು ಕೈಗೇ ಬಾಯಿ ಹಾಕಿದ್ಲು. ರಕ್ತ ಬಂತು. ಅವನು ಕೈ ಎಳ್ಕಳ್ನಿಲ್ಲ. "ಕಚ್ಚು ಕೆಂದಿ. ಕಚ್ಚಿದ್ರೂ ನೀನು ನಮ್ಮನೆ ನಾಯೇ. ಬಿಟ್ಟೋಗಾಕಿಲ್ಲ ನಾನು."

ಅವನ ಉಗುರು ಸಂದೀಲಿ ರಾಗಿ ಹಿಟ್ಟು ಅಂಟ್ಕಂಡಿತ್ತು. ಕೆಂದಿ ಮೂಗು ಅಲ್ಲಾಡ್ತು. ನಿಧಾನಕ್ಕೆ ಹಲ್ಲು ಸಡಿಲ ಬಿಟ್ಲು. ನೆಕ್ಕಿದ್ಲು. ಆಮೇಲೆ ಬಿಲ್ಲೆ ತಗಂಡು ಕಟಕಟಾಂತ ಅಗಿದ್ಲು. ಕಾಲಿನ ಕಲ್ಲು ಒಡೀತು, ಬಾಲದ ಕಲ್ಲು ಒಡೀತು. ಒಂದು ಬೊಗಳು ಬೊಗಳಿದ್ಲು ನೋಡಿ, ಏಳು ಬೆಟ್ಟವೂ ರೆಕ್ಕೆ ಬಡಿದವು!

ಆ ಸದ್ದಿಗೆ ಕ್ವಾಟೇಲಿದ್ದ ಕಲ್ಲುನಾಯಿಗೋಳೆಲ್ಲ ಮೈ ಕೊಡವ್ಕಂಡು ಎದ್ದವು. ಬೂದಿಗಣ್ಣ ಮಂತ್ರ ಹೇಳೋಕೆ ಬಾಯಿ ತೆಗೆದ. ಕೆಂದಿ ಅವನ ಎದೆ ಮೇಲೆ ನೆಗೆದ್ಲು. ಅವನು ಅಂಗಾತ ಬಿದ್ದ, ಉಂಡೆ ಬುಟ್ಟಿ ಮಗುಚ್ತು, ಒಂದುಂಡೆ ನೆಟ್ಟಗೆ ಅವನ ಬಾಯಿಗೇ! ಮಂತ್ರ ಮರೆತ, ಮಾಯ ಮರೆತ, ತನ್ನ ಹೆಸರೇ ಮರೆತ. ಮಂತ್ರ ಹೋದ್ಮೇಲೆ ಭೂತಗಳೂ ಹೊಗೆ ಆದವು. ಅವನು ಎದ್ದು ಕೂತು, "ಹಸೀತದೆ" ಅಂದ, ಅಷ್ಟೇ.

ರಾಜ ಆಗ ಬಂದ, ಎಲ್ಲಾ ಮುಗಿದ್ಮೇಲೆ. ಕಲ್ಲಿಂದ ಎದ್ದ ಅವನ ಬೇಟೆನಾಯಿ, ನೆಪ್ಪು ಇನ್ನೂ ಬಾರ್ದೆ, ಅವನನ್ನ ಮೂಸಿ ಮಕ ತಿರುಗಿಸ್ತು. "ಹಲಗ, ಅರಮನೆ ಅಡಿಗೆಯೋರಿಗೆ ಆ ಬಿಲ್ಲೆ ಹೇಳ್ಕೊಡಪ್ಪ" ಅಂದ ರಾಜ.

"ಅವರ ಕೈ ಆಗಾಕಿಲ್ಲ ಬುದ್ಧಿ. ನಾಯಿ ನಿಮ್ದು. ಕಿರೀಟ ಪಕ್ಕಕ್ಕಿಡಿ, ಹಿಟ್ಟು ನೀವೇ ಕಲಸಿ."

ರಾಜ ಮೊಣಕೈಗಂಟ ಹಿಟ್ಟು ಮೆತ್ಕಂಡು ಕಲಸ್ದ, ತಟ್ದ, ಅರ್ಧ ಸೀಯಿಸ್ದ. ಬೇಟೆನಾಯಿ ಸೀದಿದ್ದನ್ನೇ ಕಟಕಟ ತಿಂದು ಬಾಲ ಆಡಿಸ್ತು. ಅದ ನೋಡಿ ಊರೋರೆಲ್ಲ ತಂತಮ್ಮ ನಾಯಿಗೆ ಒಲೆ ಹಚ್ಚಿದ್ರು. ಬೂದಿಗಣ್ಣನಿಗೂ ಚೌಡವ್ವ ಒಂದು ಮುದ್ದೆ ಇಕ್ಕಿದ್ಲು, ಉಪ್ಪು ಹಾಕೇ. ಅವತ್ತಿಂದ ಏಳುಕೋಡಲ್ಲಿ ಜನ ಉಂಡ್ರು, ನಾಯಿಗೋಳು ಉಂಡವು, ಎಲ್ಲಾರೂ ನೆಮ್ಮದಿಯಾಗಿ ಬಾಳಿದ್ರು. ಆಮೇಲೆ ಎಷ್ಟೋ ರಾಜರು ಬಂದ್ರು, ಹೋದ್ರು. ನಾಯಿಗೆ ಯಾಕ್ಲಾ ಒಲೆ ಹಚ್ಚಿದೆ ಅಂತ ಕೇಳೋ ಗಂಡು ಮಾತ್ರ ಆ ಸೀಮೇಲಿ ಹುಟ್ನಿಲ್ಲ.