ದೊರೆಗೆ ಉಣಿಸುವ ಕೈ

ಅವಳು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು.

ಊಟದ ಬಟ್ಟಲು ಹಿಡಿದುಕೊಂಡು ಮೇಲಿನ ಮನೆಯಲ್ಲಿ ಬೆಕ್ಕಿಗಾಗಿ ಮಂಚದ ಕೆಳಗೆ, ಬೀರುವಿನ ಹಿಂದೆ, ಮೆಟ್ಟಿಲ ಸಂದಿಯಲ್ಲಿ ಹುಡುಕಿ ಹುಡುಕಿ ಅವಳಿಗೆ ಸಾಕಾಗಿಹೋಗಿತ್ತು. ಅದು ನೋಡಿದರೆ ಇಲ್ಲಿ, ಕೆಳಮಹಡಿಯ ಸೋಫಾ ರಿಪೇರಿ ಅಂಗಡಿಯಲ್ಲಿ, ಅರ್ಧ ಬಿಚ್ಚಿದ ಕುರ್ಚಿಯ ಸ್ಪಂಜಿನ ಮೇಲೆ ಕೂತು ಯಾರೋ ಗಂಡಸಿನ ಅಂಗೈಯಿಂದ ಬೇಯಿಸಿದ ಮೀನು ತಿನ್ನುತ್ತಿತ್ತು. ಅದೂ ಕಣ್ಣು ಮುಚ್ಚಿಕೊಂಡು, ಚಪ್ಪರಿಸಿಕೊಂಡು.

ಅವಳ ಹೊಟ್ಟೆ ಉರಿದುಹೋಯಿತು. ನನ್ನ ಕೈಯಿಂದ ಒಂದು ತುತ್ತು ಮುಟ್ಟಲ್ಲ... ಇವನ ಕೈಯಿಂದ ಹೀಗಾ?

"ಏನು ಮಾಡ್ತಾ ಇದೀರಿ ನೀವು?"

ಅವನು ತಲೆ ಎತ್ತಿದ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೀನು.

"ಅವನಿಗೆ ಕಿಡ್ನಿ ಹಾಳಾಗಿದೆ. ಡಾಕ್ಟರ್ ಕೊಟ್ಟಿರೋ ಊಟ ಬಿಟ್ಟು ಬೇರೇನೂ ತಿನ್ನಬಾರದು. ಅಲ್ಲಿ ಅವನನ್ನ ಉಳಿಸ್ಕೊಳ್ಳೋಕೆ ನಾನು ಒದ್ದಾಡ್ತಾ ಇದ್ರೆ, ಇಲ್ಲಿ ಕೂತು ನೀವು ಅವನನ್ನ ಕೊಲ್ತಾ ಇದೀರಿ. ಗೊತ್ತಾಗತ್ತಾ ನಿಮಗೆ?"

ಅವನು ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ಬಿಗಿ ಹಿಡಿದು ಅವಳನ್ನೇ ನೋಡಿದ. ಒಂದು 'ಗೊತ್ತಿರಲಿಲ್ಲ' ಇಲ್ಲ, ಒಂದು 'ಕ್ಷಮಿಸಿ' ಇಲ್ಲ.

ಎಷ್ಟು ಕೊಬ್ಬು ಇವನಿಗೆ, ಅಂದುಕೊಂಡಳು. ಬೆಕ್ಕನ್ನು ಬಾಚಿ ಎತ್ತಿಕೊಂಡಾಗ ಅದು ಅವಳ ಮಣಿಕಟ್ಟನ್ನು ಪರಚಿ ಕೊಸರಾಡಿತು. ಮೆಟ್ಟಿಲು ಹತ್ತುವಾಗ ಕಣ್ಣೀರು ಬಂದದ್ದು ಆ ಪರಚಿದ ಗಾಯಕ್ಕಲ್ಲ.

ಬೆಕ್ಕಿನ ಹೆಸರು ದೊರೆ. ಇಟ್ಟವರು ಅಪ್ಪ. ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪ ಕೊನೆಯದಾಗಿ ಅವಳನ್ನು ಕೇಳಿದ್ದು ಆಸ್ತಿಯ ಬಗ್ಗೆ ಅಲ್ಲ, ಅವಳ ಮದುವೆಯ ಬಗ್ಗೆಯೂ ಅಲ್ಲ. "ದೊರೆ ಊಟ ಮಾಡಿದ್ನಾ?" ಅಷ್ಟೇ. "ಮಾಡಿದ ಅಪ್ಪಾ" ಅಂದಿದ್ದಳು. ಆ ಉತ್ತರವನ್ನು ನಿಜವಾಗಿ ಉಳಿಸುವ ಕೆಲಸ ಅಂದಿನಿಂದ ಅವಳ ಪಾಲಿಗೆ ಬಂದಿತ್ತು.

ಈಗ ಅದೇ ಕೈಮೀರುತ್ತಿತ್ತು.

ಪ್ರತಿ ಸಂಜೆ ದೊರೆಯ ಬೆನ್ನಿನ ಚರ್ಮ ಎತ್ತಿ ಹಿಡಿದು, ಸೂಜಿ ಚುಚ್ಚಿ, ಬಾಟಲಿಯ ಸಲೈನ್ ಇಳಿಸಬೇಕು. ಬಾಯಿ ಬಿಡಿಸಿ ಮಾತ್ರೆ ನುಂಗಿಸಬೇಕು. ಎಲ್ಲವೂ ಅವಳೇ. ಅಮ್ಮನಿಗೆ ಸೂಜಿ ಕಂಡರೆ ತಲೆ ಸುತ್ತು. ಕಿಡ್ನಿಗೆಂದೇ ಮಾಡಿದ ಊಟವನ್ನು ಬಿಸಿ ಮಾಡಿ ಇಟ್ಟಳು, ತಣ್ಣಗೆ ಇಟ್ಟಳು, ಅಗಲದ ತಟ್ಟೆಯಲ್ಲಿ, ನೆಲದ ಮೇಲೆ, ಬೆರಳ ತುದಿಯಲ್ಲಿ ಇಟ್ಟಳು. ದೊರೆ ಮೂಸಿ ನೋಡಿ, ಮುಖ ಸಿಂಡರಿಸಿ, ಮುಂಗಾಲಿನಿಂದ ನೆಲ ಕೆರೆದು ಅದನ್ನು ಹೂತುಹಾಕುವಂತೆ ಮಾಡಿ ಹೋಗಿಬಿಡುತ್ತಿದ್ದ.

"ನಿನ್ನಪ್ಪನ ಥರಾನೇ," ಅನ್ನುತ್ತಿದ್ದರು ಅಮ್ಮ. "ಮುಂದೆ ಇಟ್ಟಿದ್ದು ಬಿಟ್ಟು ಮಿಕ್ಕಿದ್ದೆಲ್ಲಾ ಬೇಕು." ಆದರೆ ಅವಳು ಕೆಲಸಕ್ಕೆ ಹೋದ ಮೇಲೆ ಅಮ್ಮನೂ ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಮಂಚದ ಕೆಳಗೆ ಬಗ್ಗುತ್ತಿದ್ದರು ಅನ್ನುವುದು ಅವಳಿಗೂ ಗೊತ್ತಿದ್ದ ಗುಟ್ಟು.

ಆ ಜಗಳದ ಮೇಲೆ ಅವಳು ಅಡುಗೆಮನೆಯ ಕಿಟಕಿಗೆ ಚಿಲಕ ಹಾಕಿದಳು. ಇನ್ನು ಹೇಗೆ ಹೋಗ್ತಾನೋ ನೋಡೋಣ. ಹಸಿವಾದರೆ ತಾನೇ ತಿಂತಾನೆ.

ದೊರೆ ತಿನ್ನಲಿಲ್ಲ. ಮರುದಿನವೂ ಇಲ್ಲ. ಅವಳ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಗೋಡೆಗೆ ಒತ್ತಿಕೊಂಡು ಮುದುಡುತ್ತಿದ್ದ.

ಅವಳ ಕೆಲಸ ಕನ್ನಡಕದಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡುವುದು. "ಇದು ಚೆನ್ನಾಗಿ ಕಾಣತ್ತಾ, ಮೊದಲಿನದಾ?" ಎಂದು ಲೆನ್ಸ್ ಬದಲಿಸಿ ಬದಲಿಸಿ ಊರವರಿಗೆಲ್ಲಾ ದಾರಿ ಕಾಣಿಸುವ ಹುಡುಗಿಗೆ ತನ್ನ ಮುಂದಿನ ದಾರಿ ಮಾತ್ರ ಕಾಣುತ್ತಿರಲಿಲ್ಲ. ಆ ಮಧ್ಯಾಹ್ನ ರಜೆ ಹಾಕಿ ದೊರೆಯನ್ನು ಪ್ರಾಣಿಗಳ ಡಾಕ್ಟರಮ್ಮನ ಬಳಿಗೆ ಎತ್ತಿಕೊಂಡು ಹೋದಳು.

"ನೋಡಮ್ಮಾ," ಅಂದರು ಅವರು, "ಬೆಕ್ಕಿಗೆ ತಪ್ಪು ಊಟಕ್ಕಿಂತ ಉಪವಾಸ ಕೆಟ್ಟದ್ದು. ಮೊದಲು ತಿನ್ನಲಿ. ಏನಾದ್ರೂ ತಿನ್ನಲಿ. ಆಮೇಲೆ ನಿಧಾನಕ್ಕೆ ಈ ಊಟ ಬೆರೆಸಿದ್ರಾಯ್ತು."

"ಗುಣ ಆಗತ್ತಾ ಮೇಡಂ?"

"ಇಲ್ಲ. ಇರೋವಷ್ಟು ದಿನ ಸಲೀಸಾಗಿ ಇರಬಹುದು, ಅಷ್ಟೇ. ಸೂಜಿಗೆ ಕೊಸರಾಡ್ತಾ ಇರೋವರೆಗೂ ಹಾಕಿ. ಅದೂ ಬೇಡ ಅಂತ ಸುಮ್ಮನೆ ಬಿದ್ಕೊಂಡ ದಿನ ನನಗೆ ಫೋನ್ ಮಾಡಿ."

ದಾರಿಯುದ್ದಕ್ಕೂ ಬುಟ್ಟಿಯೊಳಗಿಂದ ಒಂದು ಸದ್ದೂ ಬರಲಿಲ್ಲ. ಹಾಗಾದ್ರೆ ಅವನನ್ನ ಇಷ್ಟು ದಿನ ಜೀವಂತ ಇಟ್ಟಿದ್ದು ನನ್ನ ಊಟ ಅಲ್ಲ... ಆ ಮೀನು.

ಮೆಟ್ಟಿಲ ಬುಡದಲ್ಲಿ ಅವಳ ಕಾಲುಗಳು ನಿಂತವು. ಅಂಗಡಿಯ ಹಿಂಬಾಗಿಲಿನ ಕೆಳಗೆ, ದೊರೆ ನುಸುಳುತ್ತಿದ್ದ ಸಂದಿಗೆ ಅಡ್ಡವಾಗಿ ಹೊಸ ಹಲಗೆಯೊಂದನ್ನು ಹೊಡೆಯಲಾಗಿತ್ತು.

ಅವನು ಒಳಗಿನಿಂದ ಬಂದ. ಅವಳನ್ನು ಕಂಡು ಬಾಯಿಂದ ಒಂದೊಂದೇ ಚಿಕ್ಕ ಮೊಳೆಯನ್ನು ಅಂಗೈಗೆ ಉಗುಳಿಕೊಂಡ.

"ಅವತ್ತು ಮಾತಾಡಕ್ಕಾಗ್ಲಿಲ್ಲ," ಅಂದ. "ಬಾಯ್ತುಂಬ ಮೊಳೆ ಇತ್ತು. ತೆಗೆಯೋ ಅಷ್ಟರಲ್ಲಿ ನೀವು ಹೊರಟುಹೋದ್ರಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಕೊಬ್ಬು ಅಂದುಕೊಂಡಿದ್ದೆನಲ್ಲಾ...

"ನನ್ನ ಮೀನಿಂದಾನೇ ಕಾಯಿಲೆ ಬಂತಾ?" ಅವನ ದನಿ ತಗ್ಗಿತ್ತು. "ಅವತ್ತಿಂದ ಅದೇ ಯೋಚನೆ. ಬಂದು ಕೇಳೋಕೂ ಧೈರ್ಯ ಆಗ್ಲಿಲ್ಲ. ಇನ್ನು ಬರದೇ ಇರ್ಲಿ ಅಂತ ಹಲಗೆ ಹೊಡೆದೆ."

"ಇಲ್ಲ. ನಿಮ್ಮಿಂದ ಬಂದಿದ್ದಲ್ಲ. ನಂದೇ ತಪ್ಪು." ಅವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. "ಏನೂ ತಿಂತಾ ಇಲ್ಲ ಅವನು. ಸ್ವಲ್ಪ... ಮೇಲೆ ಬರ್ತೀರಾ?"

ಅವನು ಕೈ ತೊಳೆದುಕೊಂಡು ಬಂದ. ನೆಲದ ಮೇಲೆ ಕೂತು ಅವಳ ಬಟ್ಟಲಿನ ಊಟವನ್ನೇ ಮೀನಿನ ಚೂರಿಗೆ ಸವರಿ ಅಂಗೈ ಚಾಚಿದ. ದೊರೆ ಮಂಚದ ಕೆಳಗಿಂದ ಕತ್ತು ಹೊರಗೆ ಹಾಕಿದ. ಮೂಸಿದ. ತಿಂದ.

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದರು. ಅವಳು ಮಾತ್ರ ಅಲ್ಲೇ ಕುಸಿದು ಕೂತಳು.

"ಅದೇ ಊಟ. ಬೆಳಿಗ್ಗೆ ತಡ್ಕೊಳ್ಳೋಕಾಗ್ದೆ ನಾನೂ ಮೀನು ಬೆರೆಸೇ ಇಟ್ಟಿದ್ದೆ. ನನ್ನ ಕೈಯಿಂದ ಯಾಕೆ ಬೇಡ ಅವನಿಗೆ? ನಾನೇನು ಮಾಡಿದ್ದೀನಿ?"

ಅವನು ಮಂಚದ ಪಕ್ಕ ತೂಗುಹಾಕಿದ್ದ ಸಲೈನ್ ಬಾಟಲಿ ನೋಡಿದ. "ಸೂಜಿ ಯಾರು ಹಾಕೋದು?"

"ನಾನೇ."

"ಮಾತ್ರೆ?"

"ನಾನೇ."

ಹೇಳುತ್ತಲೇ ಅವಳಿಗೆ ಹೊಳೆಯಿತು. ದೊರೆ ಹೆದರುತ್ತಿದ್ದುದು ಊಟಕ್ಕಲ್ಲ. ಊಟ ಹಿಡಿದು ಬರುವ ಕೈಗೆ. ಅವಳು ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಯಾರದೋ ಕೈ ಎಂಬಂತೆ ನೋಡಿದಳು. ಬದುಕಿಸಲು ಹೋಗಿ ಬೇಡವಾದವಳು ಏನು ಮಾಡಬೇಕು?

"ನಾಳೆಯಿಂದ ಎರಡೂ ನಾನು ಹಾಕ್ತೀನಿ," ಅಂದ ಅವನು. "ಸೂಜಿ ಹಿಡಿಯೋದೇ ನನ್ನ ಕಸುಬು. ತೋರಿಸಿಕೊಡಿ."

"ಆಮೇಲೆ ನಿಮ್ಮ ಹತ್ರ ಬರಲ್ಲ ಅವನು."

"ಗೊತ್ತು."

ಕಸುಬೇನೋ ಹೌದು. ಆದರೆ ದಪ್ಪ ಚರ್ಮದ ಸೋಫಾಕ್ಕೆ ಬಾಗಿದ ಸೂಜಿಯನ್ನು ಲೀಲಾಜಾಲವಾಗಿ ಹೊಗಿಸುವ ಆ ಕೈ, ದೊರೆಯ ಬೆನ್ನ ಮೇಲೆ ಎರಡು ಸಲ ಗುರಿ ತಪ್ಪಿತು. ಚುಚ್ಚಿ ಮುಗಿಸುವಷ್ಟರಲ್ಲಿ ಬೆವರಿ ಹೋಗಿದ್ದ. ದೊರೆ ತಿರುಗಿ ಅವನ ಮುಖಕ್ಕೆ ಬುಸುಗುಟ್ಟಿದ. ಆ ನೋಟದಲ್ಲಿದ್ದ ಮೋಸ ಹೋದ ಭಾವಕ್ಕೆ ಅವನು ಕಣ್ಣು ತಪ್ಪಿಸಿದ.

ಮರುಸಂಜೆಯಿಂದ ಅವನ ಚಪ್ಪಲಿ ಸದ್ದು ಕೇಳಿದರೆ ದೊರೆ ಕಾಲಿಗೆ ಬುದ್ಧಿ ಹೇಳುತ್ತಿದ್ದ. ಸಂದಿಯ ಹಲಗೆ ಕಿತ್ತುಹಾಕಿದ್ದರೂ ಅಂಗಡಿಯತ್ತ ಸುಳಿಯಲಿಲ್ಲ. ಗಿರಾಕಿ ಬಂದು ಕೇಳಿದರೂ ಆ ಸ್ಪಂಜಿನ ಕುರ್ಚಿಯನ್ನು ಅವನು ಇನ್ನೂ ಮುಗಿಸಿರಲಿಲ್ಲ. ಅದರ ಮೇಲಿದ್ದ ಬಿಳಿ ಕೂದಲನ್ನು ಕೊಡವಿರಲೂ ಇಲ್ಲ. ಅವಳು ಕಂಡೂ ಕಾಣದಂತೆ ಹೋಗುತ್ತಿದ್ದಳು, ಮೆಟ್ಟಿಲು ಹತ್ತುವಾಗ ಅಳುತ್ತಿದ್ದಳು.

ಮೇಲಿನ ಮನೆಯಲ್ಲಿ ನಿಧಾನವಾಗಿ ಬೇರೊಂದು ನಡೆಯುತ್ತಿತ್ತು. ದೊರೆ ಮೊದಲು ಅವಳ ಬೆರಳು ಮೂಸಿದ. ಇನ್ನೊಂದು ದಿನ ನೆಕ್ಕಿದ. ಆಮೇಲೊಂದು ಬೆಳಿಗ್ಗೆ ಅವಳ ಅಂಗೈಯಲ್ಲಿದ್ದುದನ್ನೆಲ್ಲಾ ತಿಂದು, ತಟ್ಟೆಯನ್ನೂ ನೆಕ್ಕಿ, ಅಪ್ಪನ ತೊಡೆಯ ಮೇಲೆ ಮಲಗುತ್ತಿದ್ದಂತೆ ಅವಳ ತೊಡೆಯ ಮೇಲೆ ಮಲಗಿಬಿಟ್ಟ. ಕಾಲು ಜೋಮು ಹಿಡಿದರೂ ಅವಳು ಅಲ್ಲಾಡಲಿಲ್ಲ. ಮಾಡಿದ ಅಪ್ಪಾ... ಊಟ ಮಾಡಿದ.

ತಲೆ ಎತ್ತಿದರೆ ಬಾಗಿಲಾಚೆ ಅವನು. ತಾನು ಕಂಡರೆ ದೊರೆ ಎದ್ದು ಓಡಿಬಿಟ್ಟಾನು ಎಂದು ಗೋಡೆಯ ಮರೆಯಲ್ಲಿ ನಿಂತು, ಇಣುಕಿ ನೋಡಿ, ಸದ್ದಿಲ್ಲದೆ ಇಳಿದುಹೋಗುತ್ತಿದ್ದ. ದಿನವೂ ಹೀಗೇ ಬಂದು ಹೋಗುತ್ತಿದ್ದನೇ?

ಅವತ್ತು ಅವಳಿಗೆ ತನ್ನ ಮನಸ್ಸು ಸ್ಪಷ್ಟವಾಗಿ ಕಂಡಿತು, ಯಾವ ಲೆನ್ಸೂ ಇಲ್ಲದೆ. ಆದರೂ ಹೇಳಲಿಲ್ಲ. ಹೇಳಿಬಿಟ್ಟರೆ ಈ ಸಂಜೆಗಳು ಎಲ್ಲಿ ನಿಂತುಹೋಗುತ್ತವೋ ಎಂಬ ಭಯ.

ಸಂಜೆಗಳು ನಿಲ್ಲಲು ಅವಳ ಮಾತು ಬೇಕಿರಲಿಲ್ಲ. ದೊರೆ ದಿನೇ ದಿನೇ ಹಗುರಾಗುತ್ತಿದ್ದ. ಬೆನ್ನ ಮೂಳೆ ಕೈಗೆ ಸಿಗುತ್ತಿತ್ತು. ಒಂದು ಸಂಜೆ ಅವನು ಬಂದಾಗ ದೊರೆ ಓಡಲಿಲ್ಲ. ಬುಸುಗುಟ್ಟಲಿಲ್ಲ. ಅವಳ ತೊಡೆಯ ಮೇಲೆ ಮಲಗಿದ್ದಲ್ಲಿಂದಲೇ ಅವನನ್ನು ನೋಡಿದ, ಅಷ್ಟೇ.

ಅವನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

"ಓಡ್ತಾ ಇಲ್ಲ," ಅಂದ.

"ಹೂಂ."

ಅವಳು ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಮಾತು ಬಹಳ ಇರಲಿಲ್ಲ. "ಇನ್ನು ಸೂಜಿ ಬೇಡ ಅಂದ್ರು. ಇಷ್ಟ ಇದ್ರೆ ತಿನ್ನಲಿ, ಇಲ್ದಿದ್ರೆ ಬಲವಂತ ಬೇಡವಂತೆ. ನಾಳೆ ಬಂದು ನೋಡ್ತಾರಂತೆ."

ಅವನು ಸೂಜಿಗೆ ಮುಚ್ಚಳ ಹಾಕಿ ಬಾಟಲಿಯ ಪಕ್ಕ ಇಟ್ಟ. ಹೋಗುವುದೋ ಕೂರುವುದೋ ತಿಳಿಯದೆ ನಿಂತ. ಅಡುಗೆಮನೆಯಿಂದ ಅಮ್ಮ ಒಂದು ಚಿಕ್ಕ ಬಟ್ಟಲಲ್ಲಿ ಮೀನು ಬೇಯಿಸಿ ಬಸಿದ ನೀರು ತಂದು, ಯಾರ ಮುಖವನ್ನೂ ನೋಡದೆ, ಅವನ ಕೈಗೆ ಕೊಟ್ಟು ಹೋದರು.

ಅವನು ನೆಲಕ್ಕೆ ಕೂತು, ಬೆರಳು ಅದ್ದಿ ದೂರದಿಂದಲೇ ಚಾಚಿದ. ದೊರೆ ಮೂಸಿದ. ತುಂಬಾ ಹೊತ್ತು ಮೂಸಿದ. ಆಮೇಲೆ ಒಂದೇ ಒಂದು ಸಲ ನೆಕ್ಕಿ, ಗಲ್ಲವನ್ನು ಅವನ ಅಂಗೈ ಮೇಲೆ ಇಟ್ಟು ಕಣ್ಣು ಮುಚ್ಚಿ ಸಣ್ಣಗೆ ಗುರುಗುಟ್ಟಿದ.

ಅವನು ಅತ್ತ. ಗಂಡಸು ಹಾಗೆ ಅಳುವುದನ್ನು ಅವಳು ನೋಡಿರಲಿಲ್ಲ.

"ಅವನಿಗೆ ನೀವಂದ್ರೆ ಅಷ್ಟು ಇಷ್ಟ ಇತ್ತು," ಅಂದಳು. "ಅದನ್ನ ಯಾಕೆ ಬಿಟ್ಟುಕೊಟ್ರಿ?"

"ನನಗೇನು, ಅಂಗಡಿಗೆ ಬಂದು ಹೋಗ್ತಿದ್ದ ಬೆಕ್ಕು. ನಿಮಗೆ ಅವನು ಅಪ್ಪ ಬಿಟ್ಟುಹೋದ ಜೀವ. ಇರೋ ನಾಲ್ಕು ದಿನ ನಿಮ್ಮಿಂದ ದೂರ ಓಡ್ತಾ ಇದ್ರೆ..." ಅವನು ಕಣ್ಣೊರೆಸಿಕೊಂಡ. "ನೀವು ಮೆಟ್ಟಿಲ ಮೇಲೆ ಅಳ್ತಾ ಹೋಗೋದು ಕೆಳಗೆ ಕೇಳಿಸತ್ತೆ."

ಅವಳು ಹತ್ತಿರ ಸರಿದಳು. ದೊರೆಯ ಗಲ್ಲದ ಕೆಳಗಿದ್ದ ಅವನ ಕೈಯ ಕೆಳಗೆ ತನ್ನ ಕೈ ಇಟ್ಟಳು. ಬೆಕ್ಕಿನ ಭಾರ ಎರಡೂ ಕೈಗಳ ಮೇಲೆ ಬಂತು. ಭಾರವಾದರೂ ಎಷ್ಟಿತ್ತು...

ಕಿಟಕಿಯ ಬೆಳಕು ಕಂದುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

"ನಾಳೆ ಬರ್ತೀರಾ?" ಅವಳು ಕೇಳಿದಳು.

"ನಾಳೆಯಿಂದ ಸೂಜಿ ಇಲ್ವಲ್ಲ."

"ಅದಕ್ಕೇ ಕೇಳ್ತಾ ಇರೋದು."

ಅವನು ಅವಳನ್ನು ನೋಡಿದ. ಈ ಸಲ ಬಾಯಲ್ಲಿ ಮೊಳೆ ಇರಲಿಲ್ಲ, ಆದರೂ ಮಾತು ಹೊರಡಲು ಹೊತ್ತಾಯಿತು.

"ಬರ್ತೀನಿ," ಅಂದ. "ದಿನಾ ಬರ್ತೀನಿ. ಅವನಿದ್ರೂ... ಇಲ್ದಿದ್ರೂ."