ಅಪ್ಪನ ಬೈಕಿನ ಎರಡು ರಬ್ಬರ್ ಬೂಟು

ಆ ಕೈಗಳನ್ನು ನೋಡಬಾರದು ಎಂದುಕೊಂಡೇ ಮೆರೆಯಾನಾ ಶೆಡ್ಡಿನ ಬಾಗಿಲಿಗೆ ಬಂದಿದ್ದಳು. ಮೊದಲು ಕಣ್ಣಿಗೆ ಬಿದ್ದದ್ದೇ ಅವು!

ಫರ್ಗಸ್ ಹಳೇ ಬಟ್ಟೆಯ ಚೂರಿನಲ್ಲಿ ಗ್ರೀಸು ಒರೆಸಿಕೊಳ್ಳುತ್ತಿದ್ದ. ತಲೆ ಎತ್ತಿದವನು ಹಾಗೇ ನಿಂತುಬಿಟ್ಟ.

ಒಂದು ವರ್ಷ... ಬ್ಲಫ್‌ನಂಥ ಸಣ್ಣ ಬಂದರಿನಲ್ಲಿ ಒಂದು ವರ್ಷ ಒಬ್ಬರ ಕಣ್ಣಿಗೊಬ್ಬರು ಬೀಳದೆ ಬದುಕುವುದು ಸುಲಭದ ಮಾತಲ್ಲ. ಅವಳು ಅಂಗಡಿಯ ಮುಂಬಾಗಿಲಿಗೆ ಬಂದರೆ ಅವನು ಹಿಂಬಾಗಿಲಿನಿಂದ ಹೋಗುತ್ತಿದ್ದ. ಇಗರ್ಜಿಯಲ್ಲಿ ಅವನು ಕಡೆಯ ಬೆಂಚಿನಲ್ಲಿ ಕೂತು, ಕಡೆಯ ಆಮೆನ್‌ಗೆ ಮೊದಲೇ ಎದ್ದು ಹೋಗುತ್ತಿದ್ದ.

"ನಾನು ನಿನ್ನ ನೋಡೋಕೆ ಬಂದಿಲ್ಲ," ಎಂದಳು.

"ಗೊತ್ತು."

"ಅಪ್ಪನ ಬೈಕ್ ತಂದಿದೀನಿ."

ಫರ್ಗಸ್‌ನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಹೊರಗೆ ನಿಂತ ಟ್ರಕ್ಕಿನಿಂದ ಒಂದು ಕೂಗು ಕೇಳಿಸಿತು. "ಏನ್ರೋ! ನೀವು ಹೀಗೆ ಮುಖ ಮುಖ ನೋಡ್ಕೊಂಡು ನಿಂತ್ರೆ ಬೈಕು ತಾನಾಗೇ ಇಳಿಯುತ್ತಾ? ನನ್ನ ಸೊಂಟಕ್ಕೆ ಎಪ್ಪತ್ತೆರಡು ವರ್ಷ! ಬಾರೋ ಇಲ್ಲಿ, ಫರ್ಗಸ್!"

ಅವಳು ತೂಯಿ ಅತ್ತೆ, ಮೆರೆಯಾನಾಳ ತೀರಿಹೋದ ಅಪ್ಪ ಹೋನೆಯ ಅಕ್ಕ. ಮೆರೆಯಾನಾಳನ್ನು ಇಲ್ಲಿಗೆ ಎಳೆದು ತಂದವಳೂ ಅವಳೇ.

ಶನಿವಾರ ಹೋನೆಯ ಸಮಾಧಿಕಲ್ಲಿನ ಮುಸುಕು ತೆಗೆಯುವ ದಿನ. ಮಾವೋರಿ ಜನ ಸತ್ತವರ ದುಃಖವನ್ನು ವರ್ಷವಿಡೀ ಹೊತ್ತು, ಆ ದಿನ ಕಲ್ಲಿನ ಮುಂದೆ ಇಳಿಸುತ್ತಾರೆ. "ನನ್ನ ಕಲ್ಲಿನ ಮುಂದೆ ಪಾದ್ರಿಗಿಂತ ಮೊದಲು ನನ್ನ ಬೈಕು ಮಾತಾಡಬೇಕು" ಎಂದು ಹೋನೆ ನಗುನಗುತ್ತಾ ಹೇಳಿದ್ದು ಊರಿಗೆಲ್ಲ ಗೊತ್ತು. ಎಪ್ಪತ್ತಾರನೇ ಇಸವಿಯ, ಎರಡು ಸಿಲಿಂಡರಿನ ಬೈಕು ಅದು. ಅದರ ನಾಡಿ ಬಲ್ಲವರು ಇಬ್ಬರೇ. ಒಬ್ಬ ಮಣ್ಣಿನಲ್ಲಿದ್ದ. ಇನ್ನೊಬ್ಬನನ್ನು ಮೆರೆಯಾನಾ ತನ್ನ ಬಾಳಿನಿಂದಲೇ ಆಚೆ ಹಾಕಿದ್ದಳು.

ಹೋನೆ ಸತ್ತ ದಿನ ಗುಡ್ಡದ ರಸ್ತೆಯ ಅರ್ಧದಲ್ಲಿ ಬೈಕು ನಿಂತಿತ್ತು. ಪಕ್ಕದ ಹುಲ್ಲಿನ ಮೇಲೆ ಹೋನೆ ಮಲಗಿದ್ದ, ಎದೆಬಡಿತ ನಿಂತು. ಮೂರು ದಿನ ಮೊದಲು ಆ ಬೈಕನ್ನು ಟ್ಯೂನ್ ಮಾಡಿ ಕೊಟ್ಟವನು ಫರ್ಗಸ್. ಕೆಟ್ಟು ನಿಂತ ಬೈಕನ್ನು ಏರಿಗೆ ತಳ್ಳಿ ತಳ್ಳಿ ಮುದುಕನ ಎದೆ ಒಡೆಯಿತು ಎಂದಿತು ಊರ ಬಾಯಿ. ಫರ್ಗಸ್ ಇಲ್ಲವೆನ್ನಲಿಲ್ಲ.

ಆ ವರ್ಷದ ವಸಂತಕ್ಕೆ ಅವರಿಬ್ಬರ ಮದುವೆ ಗೊತ್ತಾಗಿತ್ತು.

ಹೆಣವಿಟ್ಟಿದ್ದ ಕುಲದ ಸಭೆಮನೆಯ ಗೇಟಿಗೆ ಫರ್ಗಸ್ ಬಂದಾಗ, ಮೆರೆಯಾನಾ ನೂರು ಜನರ ಮುಂದೆ ಅವನನ್ನು ತಡೆದಿದ್ದಳು. "ನಿನ್ನ ಕೈ ನನ್ನ ಅಪ್ಪನ್ನ ಕೊಂದಿದೆ. ಆ ಕೈ ಹೊತ್ಕೊಂಡು ಒಳಗೆ ಬರಬೇಡ!"

ಅವನು ತಿರುಗಿ ಹೋಗಿದ್ದ.

ಈಗ ಫರ್ಗಸ್ ಬೈಕನ್ನು ಶೆಡ್ಡಿನ ನಡುವೆ ನಿಲ್ಲಿಸಿ, ಅದರ ಸೀಟಿನ ಮೇಲೆ ಮೆಲ್ಲಗೆ ಅಂಗೈ ಇಟ್ಟ. ಮಲಗಿದ ಹಸುವನ್ನು ಸವರುವ ಹಾಗೆ.

"ನಾಳೆ ಸಂಜೆ ಬನ್ನಿ. ಮುಗಿಸಿರ್ತೀನಿ."

"ಇಲ್ಲ. ಇಲ್ಲೇ ಕೂತಿರ್ತೀನಿ," ಎಂದಳು ಮೆರೆಯಾನಾ. "ಈ ಸಲ ನೋಡ್ತಾ ಇರ್ತೀನಿ."

ಮಾತು ಮುಳ್ಳಿನ ಹಾಗೆ ಹೋಗಿ ನಾಟಿತು. ಅವನು ತಲೆ ಆಡಿಸಿದನಷ್ಟೇ.

'ಯಾಕೆ ಬಯ್ಯಲ್ಲ ಇವನು? ಒಂದು ಸಲ ತಿರುಗಿ ಬೈದರೆ ನನಗೂ ಸಮಾಧಾನ...' ಎಂದು ಅವಳ ಮನಸ್ಸು ಒಳಗೇ ಕುದಿಯಿತು.

ಫರ್ಗಸ್ ಏಣಿ ಹತ್ತಿ, ಎತ್ತರದ ಹಲಗೆಯಿಂದ ಒಂದು ಪೊಟ್ಟಣ ಇಳಿಸಿದ. ಒಡೆಯದ ಪೊಟ್ಟಣ. ಆದರೆ ಮೇಲೆ ಒಂದಿಷ್ಟೂ ಧೂಳಿಲ್ಲ... ಯಾರೋ ದಿನವೂ ಒರೆಸಿಟ್ಟ ಹಾಗೆ.

"ಏನದು?"

"ರಬ್ಬರ್ ಬೂಟು, ಎರಡು. ಕಾರ್ಬೊರೇಟರಿಗೂ ಇಂಜಿನ್‌ಗೂ ನಡುವೆ ಇರುತ್ತಲ್ಲ, ಕುತ್ತಿಗೆ ಥರದ್ದು. ಜಪಾನಿಂದ ತರಿಸಿದ್ದು."

ಅವಳು ಕಸಿದುಕೊಂಡಳು. ಮೇಲೆ ಬ್ಲಫ್ ಅಂಚೆಗೆ ಬಂದಿಳಿದ ದಿನದ ಮುದ್ರೆಯಿತ್ತು. ದಿನಾಂಕ ಓದಿದಳು.

"ಇದು... ಅಪ್ಪನ್ನ ಮಣ್ಣು ಮಾಡಿದ ದಿನ!"

"ಹೂಂ. ಬೆಳಗ್ಗೆ ಬಂತು. ಜೇಬಲ್ಲಿಟ್ಕೊಂಡೇ ಗೇಟಿಗೆ ಬಂದಿದ್ದೆ." ಅವನ ದನಿ ಒಣಗಿತ್ತು. "ಹಳೇ ಬೂಟು ಬಿರುಕು ಬಿಟ್ಟಿದೆ ಅಂತ ಗೊತ್ತಿತ್ತು, ಮೆರಿ. ಬಿರುಕಿಂದ ಕಳ್ಳಗಾಳಿ ಒಳಗೆ ಹೋಗುತ್ತೆ. ಇಂಜಿನ್ ಸುಮ್ಮಸುಮ್ಮನೆ ಕೂಗುತ್ತೆ, ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತೆ. ಹೊಸದು ಬರೋವರೆಗೂ ಓಡಿಸಬೇಡಿ ಅಂದೆ. ಅವರು ನಕ್ಕರು. 'ಸ್ಕ್ರೂ ತಿರುಗಿಸಿ ಕೊಡೋ, ಭಾನುವಾರದ ಬೋಧನೆ ಗುರುವಾರ ಬೇಡ' ಅಂದ್ರು."

"ತಿರುಗಿಸಿ ಕೊಟ್ಟೆಯಾ?"

"ಕೊಟ್ಟೆ. ಪೆಟ್ರೋಲು ಜಾಸ್ತಿ ಬಿಟ್ಟು ಅದರ ಬಾಯಿ ಮುಚ್ಚಿಸಿದೆ. ಅದು ರಿಪೇರಿ ಅಲ್ಲ, ಮೋಸ. ಕೀ ಕೊಡಬಾರದಿತ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ ಇದನ್ನ?!"

ಫರ್ಗಸ್ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಸತ್ತವರ ಮೇಲೆ ತಪ್ಪು ಹೊರಿಸಿ ನಿನ್ನ ಪಡ್ಕೋಬೇಕಿತ್ತಾ?"

ಬಾಗಿಲ ಬಳಿ ಪೆಟ್ಟಿಗೆಯ ಮೇಲೆ ಕೂತಿದ್ದ ತೂಯಿ ಅತ್ತೆ, ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯುವುದನ್ನೇ ಮರೆತಿದ್ದಳು.

ಅವನು ಕೆಲಸಕ್ಕೆ ಬಾಗಿದ. ಬೂಟು ಬದಲಿಸಲು ಟ್ಯಾಂಕು ಇಳಿಸಬೇಕು, ಟ್ಯಾಂಕು ಇಳಿಸುವ ಮೊದಲು ಪೆಟ್ರೋಲು ಬಿಡುವ ನಲ್ಲಿಯನ್ನು ಮುಚ್ಚಬೇಕು. ಅವನ ಬೆರಳು ಟ್ಯಾಂಕಿನ ಅಡಿಗೆ ಹೋಯಿತು.

ಹೋದ ಬೆರಳು ಅಲ್ಲೇ ನಿಂತಿತು.

"ಮೆರಿ... ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಯಾವುದನ್ನ?"

"ನಲ್ಲೀನ. ಮುಚ್ಚಿದೆ."

ಆ ನಲ್ಲಿಯ ಹಿಡಿ ಮುರಿದು ಇಪ್ಪತ್ತು ವರ್ಷವಾಗಿತ್ತು. ಉಳಿದ ಮೋಟನ್ನು ಹೆಬ್ಬೆರಳಿಂದ ಒಳಕ್ಕೆ ಒತ್ತಿ, ಒತ್ತಿದ ಹಾಗೇ ತಿರುಗಿಸಬೇಕು. ಇಲ್ಲದಿದ್ದರೆ ಇಕ್ಕಳ ಹಾಕಿ ಎಳೆದರೂ ಅದು ಜಗ್ಗುವುದಿಲ್ಲ. ಆ ಗುಟ್ಟು ಬಲ್ಲವರು ಹೋನೆ, ಫರ್ಗಸ್, ಮತ್ತೆ ಅಪ್ಪನ ಬೆನ್ನಿಗಂಟಿ ಬೆಳೆದ ಮೆರೆಯಾನಾ ಮಾತ್ರ.

"ಗುಡ್ಡದಿಂದ ಇಳಿಸಿ ತಂದವಳು ನಾನು," ಎಂದಳು ತೂಯಿ ಅತ್ತೆ ಎದ್ದು ಬರುತ್ತಾ. "ಹಗ್ಗ ಕಟ್ಟಿದ್ದು, ಟಾರ್ಪಾಲು ಹೊದಿಸಿದ್ದು ನಾನು. ಇವತ್ತಿನವರೆಗೂ ಒಂದು ನೊಣಾನೂ ಮುಟ್ಟಿಲ್ಲ ಅದನ್ನ. ನಲ್ಲಿ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ, ಬಿಡು!"

ಮೆರೆಯಾನಾ ಮಂಡಿಯೂರಿದಳು. ಬೆರಳಿಂದ ತಡವಿದಳು. ಹೌದು... ಮುಚ್ಚಿದೆ!

ಕೆಟ್ಟು ನಿಂತ ಬೈಕಿನ ನಲ್ಲಿಯನ್ನು ಯಾರೂ ಮುಚ್ಚುವುದಿಲ್ಲ. ತೆರೆದಿಟ್ಟು ಕಿಕ್ ಹೊಡೆಯುತ್ತಾರೆ, ಕೈಸೋತ ಮೇಲೆ ತಳ್ಳುತ್ತಾರೆ. ಬೇಕೆಂದೇ ನಿಲ್ಲಿಸಿದವನು ಮಾತ್ರ ಮುಚ್ಚುತ್ತಾನೆ. ಅಪ್ಪ ಗಾಡಿ ನಿಲ್ಲಿಸುವ ಕ್ರಮ ಅವಳಿಗೆ ಬಾಯಿಪಾಠ. ಮೊದಲು ನಲ್ಲಿ. ಆಮೇಲೆ ಕೈಗವಸು ಕಳಚಿ ಟ್ಯಾಂಕಿನ ಮೇಲೆ. ಆಮೇಲೆ ಕಡಲಿನ ಕಡೆ ಮುಖ.

"ಅತ್ತೆ... ಕೈಗವಸು ಎಲ್ಲಿತ್ತು ಅವತ್ತು?"

"ಟ್ಯಾಂಕಿನ ಮೇಲೆ. ಒಂದರ ಮೇಲೊಂದು, ನೀಟಾಗಿ." ಹೇಳುತ್ತ ಹೇಳುತ್ತಲೇ ಅತ್ತೆಗೂ ಹೊಳೆಯಿತು. "ಅಯ್ಯೋ ದೇವರೇ... ಅವತ್ತು ದೋಣಿಗಳು ಹೊರಟಿದ್ವು ಕಣೇ! ತೀತಿ ಹಕ್ಕಿ ಹಿಡಿಯೋಕೆ ದ್ವೀಪಗಳಿಗೆ ಹೊರಟ ಮೊದಲ ದೋಣಿಗಳು. ಎಂಟು ವರ್ಷದವನಿದ್ದಾಗಿಂದ ಒಂದು ವರ್ಷಾನೂ ತಪ್ಪಿಸಿದವನಲ್ಲ ನನ್ನ ತಮ್ಮ. ಆ ಸಲ ಡಾಕ್ಟರು ಬೇಡ ಅಂದಿದ್ರು..."

"ನೋಡೋಕೆ ನಿಂತಿದ್ರು," ಎಂದ ಫರ್ಗಸ್, ತನಗೆ ತಾನೇ ಹೇಳಿಕೊಳ್ಳುವಂತೆ. "ಬೈಕು ಕೆಟ್ಟಿರಲಿಲ್ಲ."

ಅವನು ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ವರ್ಷದ ಅಳು ಒಮ್ಮೆಗೇ ಬಂತು.

ಮೆರೆಯಾನಾಳಿಗೆ ಅವನ ಹೆಗಲು ಮುಟ್ಟಬೇಕೆನಿಸಿತು. ಕೈ ಚಾಚಿದಳು. 'ಯಾವ ಮುಖ ಇಟ್ಕೊಂಡು ಮುಟ್ಟಲಿ?' ಚಾಚಿದ ಕೈ ಹಿಂದಕ್ಕೆ ಬಂತು.

ಮಾತು ಸೋತಲ್ಲಿ ದೇವರು ಕೆಲಸ ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಫರ್ಗಸ್ ಎದ್ದು ಟ್ಯಾಂಕು ಇಳಿಸಿದ, ಕ್ಲಾಂಪು ಸಡಿಲಿಸಿ ಕಾರ್ಬೊರೇಟರುಗಳನ್ನು ಹೊರಗೆಳೆದ. ಅವುಗಳಲ್ಲಿ ವರ್ಷದಿಂದ ಅಂಟುಗಟ್ಟಿದ್ದ ಪೆಟ್ರೋಲನ್ನು ತೊಳೆದ. ಹಳೇ ಬೂಟು ಬಿಚ್ಚಿ ಅವಳ ಕೈಗಿತ್ತ.

"ಚೆನ್ನಾಗೇ ಇದೆಯಲ್ಲ?" ಎಂದಳು.

"ಬಾಗಿಸಿ ನೋಡು."

ಬಾಗಿಸಿದಳು. ನುಣ್ಣಗೆ ಕಂಡ ರಬ್ಬರಿನ ಮೈತುಂಬ ಸಣ್ಣ ಸಣ್ಣ ಬಾಯಿಗಳು ತೆರೆದುಕೊಂಡವು.

"ನೀರು ಕಾಯಿಸ್ತೀಯಾ?" ಎಂದ ಅವನು ಮೆಲ್ಲಗೆ. "ಹೊಸ ಬೂಟು ಬಿಸಿನೀರಲ್ಲಿ ಮೆತ್ತಗಾಗಬೇಕು. ಬಲವಂತ ಮಾಡಿದ್ರೆ ಅಂಚು ಹರಿಯುತ್ತೆ."

"ಚಹಾದ ಕೆಟಲ್ಲಲ್ಲೇ ಕಾಯಿಸಿ ಬಿಟ್ಟೀರಾ!" ಅತ್ತೆ ಮೂಗು ಒರೆಸಿಕೊಂಡು ಗದರಿದಳು. "ನನ್ನ ಚಹಾ ರಬ್ಬರ್ ಕಷಾಯ ಆದೀತು!"

ಇಬ್ಬರ ತುಟಿಯಲ್ಲೂ ನಗು ಇಣುಕಿ, ನಾಚಿ ಹಿಂದೆ ಸರಿಯಿತು.

ಸಂಜೆಬಿಸಿಲು ಬಾಗಿಲಿಗೆ ಬರುವಷ್ಟರಲ್ಲಿ ಫರ್ಗಸ್ ನಲ್ಲಿಯ ಮುಂದೆ ಕೂತ. ಮುಟ್ಟಲಿಲ್ಲ. "ನೀನೇ ತೆಗೆ," ಎಂದ. "ಅವರು ಮುಚ್ಚಿದ್ದು."

ಅಪ್ಪನ ಹೆಬ್ಬೆರಳು ಕಡೆಯದಾಗಿ ಒತ್ತಿದ ಜಾಗವನ್ನು ಮೆರೆಯಾನಾ ಒತ್ತಿದಳು. ಕಣ್ಣೀರು ಟಪಟಪನೆ ಇಂಜಿನ್ ಮೇಲೆ ಬಿತ್ತು. ತಿರುಗಿಸಿದಳು.

ಮೂರನೇ ಕಿಕ್ಕಿಗೆ ಬೈಕು ಎದ್ದಿತು. ಕೂಗಲಿಲ್ಲ, ಉಸಿರು ಕಟ್ಟಲಿಲ್ಲ. ಮಲಗಿದ ಮಗುವಿನ ಎದೆಯ ಹಾಗೆ ಸಮನಾಗಿ ಮಿಡಿಯಿತು.

"ಶನಿವಾರ ಬರ್ತೀಯಾ?" ಎಂದಳು, ಅವನ ಕಡೆ ನೋಡದೆ.

"ಬರ್ತೀನಿ. ಗೇಟಿನ ಆಚೆ ನಿಲ್ತೀನಿ."

ಆ ಮಾತು ರಾತ್ರಿಯಿಡೀ ಅವಳನ್ನು ಸುಟ್ಟಿತು.

ಶನಿವಾರ ಗಾಳಿ ಕಡಲ ಕಡೆಯಿಂದ ಬೀಸುತ್ತಿತ್ತು. ಮೆರೆಯಾನಾ ಅಪ್ಪನ ಬೈಕೇರಿ ಮುಂದೆ, ಬಂಧುಬಳಗ ಹಿಂದೆ. ಪಾದ್ರಿಗಿಂತ ಮೊದಲು ಬೈಕು ಮಾತಾಡಿತು. ಸತ್ತವರನ್ನು ಕೂಗಿ ಕರೆಯುವ ಹೆಂಗಸರ ದನಿ ಎದ್ದಿತು, ಪ್ರಾರ್ಥನೆಯಾಯಿತು, ಕಲ್ಲಿನ ಮುಸುಕು ಸರಿಯಿತು. ಹೋನೆಯ ಹೆಸರು ಬಿಸಿಲಿಗೆ ಬಂತು.

ಬೇಲಿಯ ಆಚೆ ಫರ್ಗಸ್, ಟೋಪಿ ಎದೆಗೊತ್ತಿಕೊಂಡು ನಿಂತಿದ್ದ.

ಎಲ್ಲರೂ ನೋಡುತ್ತಿದ್ದಂತೆ ಮೆರೆಯಾನಾ ಗೇಟಿನವರೆಗೆ ನಡೆದು ಹೋದಳು. ಅಂದು ನೂರು ಜನರ ಮುಂದೆ ತಡೆದವಳು, ಇಂದು ಆ ನೂರು ಜನರ ಮುಂದೆಯೇ ಅವನ ಕೈ ಹಿಡಿದಳು.

"ಬೈಕು ಕೆಟ್ಟಿರಲಿಲ್ಲ!" ಎಂದಳು ಎಲ್ಲರಿಗೂ ಕೇಳುವಂತೆ. "ಅಪ್ಪ ದೋಣಿ ನೋಡ್ತಾ ಹೋದ್ರು. ತಪ್ಪು ಮಾತಾಡಿದವಳು ನಾನು."

ತೂಯಿ ಅತ್ತೆ ಪಕ್ಕಕ್ಕೆ ಸರಿದು ಕಲ್ಲಿನ ಹತ್ತಿರ ಜಾಗ ಮಾಡಿದಳು. ಫರ್ಗಸ್ ಕಲ್ಲಿನ ಮೇಲೆ ಹಣೆ ಇಟ್ಟ. ಏನು ಹೇಳಿದನೋ, ಅದು ಅವನಿಗೂ ಹೋನೆಗೂ ಇರಲಿ.

ಸಮಾಧಿಯ ನೆಲ ಬಿಡುವಾಗ ಕೈತೊಳೆದೇ ಬರಬೇಕು. ಇಲ್ಲದಿದ್ದರೆ ಸಾವು ಬೆನ್ನುಹತ್ತಿ ಮನೆಗೆ ಬರುತ್ತದೆ. ಗೇಟಿನ ಬಳಿ ನೀರಿನ ಹೂಜಿಯಿತ್ತು. ಎಲ್ಲರೂ ತೊಳೆದು ಹೋದ ಮೇಲೆ ಮೆರೆಯಾನಾ ಅದನ್ನೆತ್ತಿಕೊಂಡಳು.

"ಕೈ ಚಾಚು."

ಅವನು ಹಿಂಜರಿದ. "ಬೂಟು ಬದಲಾಯಿಸದೆ ಕೊಟ್ಟಿದ್ದು ನಿಜ, ಮೆರಿ. ಅದು ತೊಳೆದ್ರೆ ಹೋಗಲ್ಲ."

"ನಾನು ಆಡಿದ ಮಾತೂ ಹೋಗಲ್ಲ. ಆದರೂ... ಚಾಚು."

ಗ್ರೀಸಿನ ಗೆರೆ ಮಾಸದ ಆ ಎರಡು ಕೈಗಳ ಮೇಲೆ ಅವಳು ನೀರು ಹೊಯ್ದಳು. ಬೆರಳು ಬೆರಳನ್ನೂ ತಾನೇ ತೊಳೆದಳು. ಆಮೇಲೆ ಅವನು ಹೂಜಿ ತೆಗೆದುಕೊಂಡು ಅವಳ ಕೈಗೆ ಹೊಯ್ದ.

"ವಸಂತಕ್ಕೆ ಇನ್ನೂ ಆರು ತಿಂಗಳು," ಎಂದಳು ಅವಳು, ಒದ್ದೆ ಕೈಯನ್ನು ಅವನ ಕೈಯಲ್ಲೇ ಬಿಟ್ಟು. "ನನಗೆ ಅಳೋದು ಇನ್ನೂ ಇದೆ. ಕಾಯ್ತೀಯಾ?"

"ಆ ಪೊಟ್ಟಣ ಒಂದು ವರ್ಷ ಹಲಗೆ ಮೇಲೆ ಕಾದಿತ್ತು, ಮೆರಿ..." ಎಂದ ಫರ್ಗಸ್. "ನೀನೇ ನೋಡಿದೆಯಲ್ಲ. ರಬ್ಬರು ಒಣಗಿರಲಿಲ್ಲ."