ಚೀಟಿಯಿಲ್ಲದ ಡಬ್ಬಿ

ಅಗ್ಗದ ಕಾಫಿ ಗ್ರೈಂಡರಿಗೆ ಸಾವಿರದ ಒಂಬೈನೂರು. ಪಕ್ಕದಲ್ಲಿ ನಿಂತಿದ್ದ ದುಬಾರಿಯದಕ್ಕೆ ಹದಿನೆಂಟು ಸಾವಿರ. ಎರಡನ್ನೂ ಅಂಗಡಿಯಿಂದ ದುಡ್ಡು ಕೊಟ್ಟೇ ತಂದದ್ದು. ಪುಕ್ಕಟೆ ಬಂದ ಯಂತ್ರದ ಬಗ್ಗೆ ರಿಪೇರಿ ಅಕ್ಕ ಒಂದಕ್ಷರ ಬರೆಯುವವಳಲ್ಲ. ಅಗ್ಗದ್ದರೊಳಗೆ ಬೀಜ ಅರೆಯುವ ಪಿಂಗಾಣಿ ಬಿಲ್ಲೆಗೆ, ಬಿಡಿಯಾಗಿ ಕೊಂಡರೆ, ಇನ್ನೂರಿಪ್ಪತ್ತು. ಆ ಬೆಳಗ್ಗೆ ಒಡೆದಿದ್ದದ್ದು ಅದೇ ಬಿಲ್ಲೆ.

ಕಿಟಕಿಯಾಚೆ ಮಂಜು. ಬೀದಿದೀಪ ಹಾಲಿನಲ್ಲಿ ಅದ್ದಿದ ಹಾಗಿತ್ತು. ನಸುಕಿನಲ್ಲಿ ಅಕ್ಕನಿಗೊಂದು ಕನಸು ಬಿದ್ದಿತ್ತು: ದೂರದಲ್ಲೆಲ್ಲೋ ರೈಲು ಸೇತುವೆ ದಾಟುತ್ತಿದೆ, ಒಂದೇ ಸಮನೆ ಗುರ್ರ್ ಎಂದು. ನಡುವೆ ಕಟಕ್ ಎಂದು ನಿಂತುಹೋಯಿತು. ಈಗ ಬಿಲ್ಲೆಯಲ್ಲಿ ಮೂರು ಹಲ್ಲು ಇಲ್ಲದ್ದು ಕಂಡಾಗ ಗೊತ್ತಾಯಿತು, ಅದು ಕನಸಲ್ಲ.

ಹಲ್ಲುಗಳ ನಡುವೆ ಕಡಲೆ ಗಾತ್ರದ ಕಲ್ಲು.

ಪುಡಿ ಬೀಳುವ ಡ್ರಾಯರ್ ಎಳೆದು ಮೂಸಿದಳು. ಹುಬ್ಬು ಗಂಟಿಕ್ಕಿತು. ತಟ್ಟನೆ ಮುಚ್ಚಿದಳು.

"ಅಗ್ಗದ್ದು ಅಂದ್ರೆ ಹಾಗೇ ಅತ್ತೆ," ಹಿಂದಿನಿಂದ ಸೊಸೆ. "ಬೀಜದಲ್ಲಿ ಕಲ್ಲಿತ್ತೇನೋ."

"ಬೀಜ ಆರಿಸಿದ್ದು ಯಾರು?"

"ನಾನೇ."

"ಹಾಗಾದ್ರೆ ಇರಲಿಲ್ಲ. ಬೇಳೆಯಲ್ಲಿ ಕಲ್ಲು ಬಿಟ್ಟೀಯೆ, ಕಾಫಿಯಲ್ಲಿ ಬಿಡೋಳಲ್ಲ ನೀನು."

ಆರು ವಾರದ ಪರೀಕ್ಷೆ ಅದು. ಮನೆಬಳಕೆಯ ಸಾಮಾನುಗಳ ಪತ್ರಿಕೆಗೆ ಆ ಸಂಜೆಯೇ ವರದಿ ಹೋಗಬೇಕು. ಕೊನೆಯ ರುಚಿ ನೋಡಲು ಹತ್ತು ಗಂಟೆಗೆ ಹೊರಗಿನ ಮೂವರು ಬರುವವರಿದ್ದರು. ಕೈ ಬಿಗಿಹಿಡಿದು ಬದುಕುವ ಮನೆಗಳು ಅಕ್ಕನ ಮಾತು ನಂಬಿ ಯಂತ್ರ ಕೊಳ್ಳುತ್ತಿದ್ದವು. ಮುರಿಯಿತು ಎಂದು ಬರೆದರೆ ಯಂತ್ರಕ್ಕೆ ಅನ್ಯಾಯ. ಸುಮ್ಮನಿದ್ದರೆ ತನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯದು.

ಮೂಲೆಯ ಕುರ್ಚಿಯಲ್ಲಿ ಭಾವ ಕೂತಿದ್ದರು. ಅಕ್ಕನ ಗಂಡನ ಅಣ್ಣ. ನಲವತ್ತು ವರ್ಷ ಅವರ ಮೂಗು ಹೂಂ ಎನ್ನದೆ ಪೇಟೆಯಲ್ಲಿ ಒಂದು ಮೂಟೆ ಕಾಫಿ ಕದಲಿದ್ದಿಲ್ಲ. ಈ ಕೋಣೆಯಲ್ಲೂ ರುಚಿಗೆ ಅಂಕ ಕೊಡುತ್ತಿದ್ದವರು ಅವರೇ.

"ಇವತ್ತಿನ ಪರೀಕ್ಷೆ ಮುಂದಕ್ಕೆ ಹಾಕಮ್ಮ," ಎಂದರು, ಕಣ್ಣು ಮುಚ್ಚಿಕೊಂಡೇ.

* * *

ಎಂಟಕ್ಕೆ ದುಬಾರಿ ಯಂತ್ರದ ಮಾರಾಟಗಾರ ಬಂದ. ಬೀದಿಯವರೆಲ್ಲ ಅವನನ್ನು ನಗುಮುಖ ಎನ್ನುತ್ತಿದ್ದರು. ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

"ಒಡೆದುಹೋಯ್ತಾ? ಪಾಪ. ಕಾಸಿಗೆ ತಕ್ಕ ಕಜ್ಜಾಯ!"

"ನಿನ್ನೆ ಸಂಜೆ ಈ ಕೋಣೆಯಲ್ಲಿ ಹತ್ತು ನಿಮಿಷ ನೀವೊಬ್ರೇ ಇದ್ರಿ."

"ಅಕ್ಕಾ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು," ಎನ್ನುತ್ತ ಹೆಗಲು ಒರೆಸಿಕೊಂಡ.

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ಮೇಜಿನ ಹತ್ತಿರ ಬಂದ. ನಗು ಮಾಯವಾಯಿತು. "ಇದೇನು, ಬೀರು ಬಾಗಿಲು ತೆಗೆದ ಹಾಗೆ? ನುಸಿಗುಳಿಗೆ ವಾಸನೆ!"

"ನೀವಿನ್ನು ಹೊರಡಿ," ಎಂದಳು ಅಕ್ಕ.

"ಮಾಡ್ದೋನು ನಾನಲ್ಲ ಅಂತ ಹೇಗೆ ಗೊತ್ತಾಯ್ತು?"

"ನಿಮ್ಮ ಮೂಗು ಸಾಕ್ಷಿ ಹೇಳ್ತು."

* * *

ಗೂಡಿನಲ್ಲಿ ಕಾಫಿ ಬೀಜದ ಎರಡು ಡಬ್ಬಿ, ಅವಳಿಗಳಂತೆ. ಯಾವುದಕ್ಕೂ ಚೀಟಿಯಿಲ್ಲ. ಚೀಟಿ ಓದಿದ ನಾಲಗೆ ಸುಳ್ಳು ಹೇಳುತ್ತದೆ, ಮೂಗಿನಿಂದಲೇ ಗುರುತು ಹಿಡಿಯಬೇಕು. ಈ ಕೋಣೆಗೆ ಆ ನಿಯಮ ಹಾಕಿದವರು ಭಾವನೇ.

"ಎರಡನೆಯದು ಯಾವಾಗ ಬಂತು?"

"ನಿನ್ನೆ ರಾತ್ರಿ ಊಟ ಆದ ಮೇಲೆ ನಾನೇ ಇಟ್ಟೆ," ಸೊಸೆ ತಲೆ ತಗ್ಗಿಸಿದಳು. "ಬೀರುವಿನಲ್ಲಿ ನುಸಿಗುಳಿಗೆ ಪಕ್ಕದಲ್ಲಿ ಮರೆತುಬಿಟ್ಟಿದ್ದೆ. ಬೆಳಗ್ಗೆ ಎಸೆಯೋಣ ಅಂತಿದ್ದೆ. ನನ್ನ ಬುದ್ಧಿಗಿಷ್ಟು! ಮುಚ್ಚಳ ತೆಗೆದ್ರೆ ಬಾಗಿಲತನಕ ನಾರುತ್ತೆ."

ಅಕ್ಕ ಡ್ರಾಯರ್ ತಂದು ಭಾವನ ಮೂಗಿನ ಕೆಳಗೆ ಹಿಡಿದಳು.

"ಇದು ಹೇಗಿದೆ ಭಾವ?"

ಅವರು ನಿಧಾನವಾಗಿ ಉಸಿರೆಳೆದರು. ಮುಖದಲ್ಲಿ ಹಳೆಯ ಸುಖವೊಂದು ತೇಲಿತು. "ಒಳ್ಳೇ ಹದ. ಹಿಂದೆ ಸ್ವಲ್ಪ ಹೂವಿನ ಘಮ."

ಸೊಸೆಯ ಕೈಯಿಂದ ಚಮಚ ಜಾರಿತು.

ಅಕ್ಕ ಎದುರಿನ ಮಣೆಯ ಮೇಲೆ ಕೂತಳು. ದನಿ ಏರಿಸಲಿಲ್ಲ. "ಕಲ್ಲಿನ ಜೊತೆ ಅರೆದಿರೋದು ಈ ನಾರುವ ಬೀಜ. ನಗುಮುಖ ಹೋದಾಗ ಆ ಡಬ್ಬಿ ಗೂಡಿನಲ್ಲೇ ಇರಲಿಲ್ಲ. ಸೊಸೆಗೆ ಯಾವುದು ಕೆಟ್ಟದ್ದು ಅಂತ ಗೊತ್ತು. ಗೊತ್ತಿಲ್ಲದೋರೂ ಮುಚ್ಚಳ ತೆಗೆದ ಕೂಡಲೇ ಮುಚ್ಚಿಬಿಡ್ತಿದ್ರು. ವಾಸನೆ ಹತ್ತದ ಒಬ್ರು ಮಾತ್ರ ಇದನ್ನ ತುಂಬಿಸಿಕೊಳ್ಳೋಕೆ ಸಾಧ್ಯ."

ಹೊರಗೆ ಮಂಜು ಕರಗುತ್ತಿತ್ತು. ಭಾವ ಅದನ್ನೇ ನೋಡುತ್ತಿದ್ದರು.

"ಎರಡು ತಿಂಗಳಾಯ್ತಮ್ಮ. ಜ್ವರ ಬಂತು, ಹೋಯ್ತು. ಹೋಗೋವಾಗ ಇದನ್ನೂ ಕರ್ಕೊಂಡು ಹೋಯ್ತು." ಮೂಗು ಮುಟ್ಟಿಕೊಂಡರು. "ಕಾಫಿ ಈಗ ಬರೀ ಬಿಸಿನೀರು. ಕನಸಲ್ಲಿ ಮಾತ್ರ ಘಮ ಬರುತ್ತೆ. ಅದಕ್ಕೇ ಬೇಗ ಮಲಗ್ತೀನಿ."

"ಮತ್ತೆ ಆರು ವಾರದ ಅಂಕ?"

"ನೀನು ಕುಡಿಯೋವಾಗ ನಿನ್ನ ಮುಖ ನೋಡ್ತಿದ್ದೆ. ಇವತ್ತು ಮೂವರ ಮುಂದೆ ಕಣ್ಣಿಗೆ ಬಟ್ಟೆ ಕಟ್ಟಿ ಕುಡಿಯಬೇಕಿತ್ತು. ಮರ್ಯಾದೆ ಮೂರಾಬಟ್ಟೆ ಆಗ್ತಿತ್ತು."

"ಅಗ್ಗದ್ದನ್ನೇ ಯಾಕೆ ಒಡೆದ್ರಿ?"

"ಅದು ಮುರಿದ್ರೆ ಯಾರೂ ಕಾರಣ ಕೇಳಲ್ಲ."

ಸೊಸೆ ನೆಲ ನೋಡಿದಳು. ಬೆಳಗ್ಗೆ ತಾನಂದ ಮಾತು ನೆನಪಾಗಿತ್ತು.

* * *

ನಾಲ್ಕು ತಿರುಪು ಬಿಚ್ಚಿ, ಮೊದಲೇ ತಂದಿಟ್ಟಿದ್ದ ಹೊಸ ಬಿಲ್ಲೆ ಕೂರಿಸಲು ಅಕ್ಕನಿಗೆ ಕಾಲು ಗಂಟೆ ಸಾಕಾಯಿತು. ಒಳ್ಳೆಯ ಬೀಜ ಹಾಕಿ ಗುಂಡಿ ಒತ್ತಿದಳು. ರೈಲು ಮತ್ತೆ ಸೇತುವೆ ಹತ್ತಿತು.

"ಕೂದಲೆಳೆಯಷ್ಟು ಸಡಿಲ ಇದೆ," ಎಂದರು ಭಾವ, ಕಣ್ಣು ಮುಚ್ಚಿ. "ಬಲಕ್ಕೆ ತಿರುಗಿಸು. ಇನ್ನೊಂಚೂರು. ಹ್ಞಾ, ಈಗ ಸರಿ."

ಅಕ್ಕ ಪುಡಿಯನ್ನು ಜರಡಿ ಹಿಡಿದಳು. ಆರು ವಾರದಲ್ಲಿ ಇಷ್ಟು ಸಮನಾದ ಪುಡಿ ಆ ಯಂತ್ರದಿಂದ ಬಂದಿರಲಿಲ್ಲ.

ಹತ್ತು ಗಂಟೆಗೆ ಬಂದ ಮೂವರಿಗೆ ಭಾವ ತಾವೇ ಎದ್ದು ನಿಂತು ಎಲ್ಲ ಹೇಳಿದರು. ಅವರು ರುಚಿ ನೋಡಿದರು, ಇವರು ಸದ್ದು ಕೇಳಿದರು. ಹಳೆಯ ಅಂಕಗಳನ್ನೆಲ್ಲ ಹೊಡೆದುಹಾಕಿ ಅಕ್ಕ ಸಂಜೆ ಹೊಸದಾಗಿ ಬರೆದಳು: ಸದ್ದು ಜಾಸ್ತಿ, ತೀರ ನಯವಾದ ಪುಡಿ ಬರುವುದಿಲ್ಲ, ದಿನಕ್ಕೆ ನಾಲ್ಕು ಲೋಟದ ಮನೆಗೆ ಧಾರಾಳ ಸಾಕು, ಕೊಳ್ಳಬಹುದು. ಕಲ್ಲಿನ ಕಥೆಯನ್ನೂ ಮುಚ್ಚಿಡಲಿಲ್ಲ.

ಹೋದದ್ದು ಇಷ್ಟು: ಇನ್ನೂರಿಪ್ಪತ್ತರ ಒಂದು ಬಿಲ್ಲೆ, ಆರು ವಾರದ ಅಂಕಗಳು, ನಲವತ್ತು ವರ್ಷ ಬಾಳಿದ ಒಂದು ಮೂಗು. ಸಿಕ್ಕಿದ್ದು ಒಂದು ಕಿವಿ.